ಆಡಿಟ್ ಸಾಹೇಬರಿಗೆ, ಗರಿಯ ವಿಷಯ

ಕೂಡ್ರಿ ಸಾಹೇಬ್ರ. ಖುರ್ಚಿಯ ಒಂದು ಕಾಲು ಮೋಟ,
ಕಲ್ಲ ಕೊಟ್ಟೀನಿ, ಬೀಳಂಗಿಲ್ಲ.
ಇದರ ಪಾವತಿ ಅದ, ಬ್ಯಾಟರಿದೂ ಅದ, ಕಸಬರಿಗಿದೂ.
ನೀವು ಕೇಳಾಕ ಬಂದದ್ದು ಅದಲ್ಲ, ಗೊತ್ತದ.
ಹೋದ ವರ್ಷದ ಎಣಿಕಿಯಾಗ
ಮೂರನೇ ಮಚಾನದ ಹಾಳಿಮ್ಯಾಲ
‘ಒಂದು’ ಅಂತ ಬರದವ ಯಾರು.

ನಾನ ರೀ. ಮಾಳಿಂಗ ಬೀರಪ್ಪ ವಗ್ಗೆ,
ರೋಜಂದಾರಿ ವಾಚರ್, ಹದಿನೆಂಟು ವರ್ಷ,
ಅಕ್ಕಲಕೋಟ ತಾಲೂಕಿನ ಕಡೀ ತುದಿಯ ಈ ಹುಲ್ಲಮಾಳ.
ಕಾಗದ ಮರಾಠಿ, ಸಹಿ ಮರಾಠಿ,
ಕುರಿ ಕರಿಯೂದು, ಬೈಯೂದು, ಅಳೂದು ಕನ್ನಡ.
ನಿಮ್ಮ ಫೈಲಿನ ಮಾಳಢೋಕ
ನಮ್ಮಪ್ಪನ ಬಾಯಾಗ ಎರೆಭೂತ.
ಮುಂಗಾರಿಗೆ ಗಂಡು ಗಂಟಲಚೀಲ ಉಬ್ಬಿಸಿ
ಹೂಂ ಅಂತಿತ್ತು,
ಖಾಲಿ ಕೊಡದಾಗ ಬಾಯಿಟ್ಟು ಯಾರೋ ಹೂಂಗುಟ್ಟಿದಂಗ.
ಅಪ್ಪ ಒಂದು ಮುಂಜಾನೆ ಹದಿನೇಳು ಎಣಿಸಿದ್ದ.
ನಾ ಕೆಲಸಕ್ಕ ಬಂದಾಗ ಐದು.
ಆಮ್ಯಾಲ ಒಂದು ಹೆಣ್ಣು,
ಬಲಗಾಲು ತುಸು ಎಳೀತಿತ್ತು.
ಹೆಸರಿಟ್ಟಿಲ್ಲ. ಇಟ್ಟವು ಉಳಿಯೂದಿಲ್ಲ ಅಂತಾರ ನಮ್ಮ ಮನ್ಯಾಗ.

ಲೆಕ್ಕ ಹಿಂಗ ಅದ ನೋಡ್ರಿ.
ಹಕ್ಕಿ ಇದ್ದರ ಲೇಖಾಶೀರ್ಷ,
ಶೀರ್ಷ ಇದ್ದರ ಅನುದಾನ,
ಅನುದಾನ ಬಂದರ ಬ್ಯಾಸಗಿಗೆ ಟ್ಯಾಂಕರ್.
ದೋಣಿಗೆ ಬಾಯಿ ಹಚ್ಚಾವು ಬ್ಯಾರೆ:
ಚಿಗರಿ, ತೋಳ, ನರಿ, ಗೌಜಲ, ಮುಂಗಲಿ,
ಸಂಜಿ ಆತಂದ್ರ ನಮ್ಮ ಓಣಿ ಕುರಿನೂ (ಹಾಂ, ಅದೂ ಬರಕೋರಿ).
ಅವಕ್ಕ ಯಾವ ಶೀರ್ಷನೂ ಇಲ್ಲ.
ಒಬ್ಬ ಮುದುಕಿಯ ರೇಷನ್ ಕಾರ್ಡಿನ ಮ್ಯಾಲ
ಇಡೀ ಓಣಿ ಉಂಡಂಗ
ಆ ಕುಂಟ ಹಕ್ಕಿಯ ಹೆಸರಿನ್ಯಾಗ ಮಾಳ ನೀರ ಕುಡೀತಿತ್ತು.

ಎಣಿಕಿ ದಿನ ನಸುಕ ನಾಲ್ಕಕ್ಕ ಮಚಾನ ಏರಿದೆ.
ಗಾಳಿಪಂಖಾ ತಿರಗೂದು ನೋಡಿದೆ. ತಂತಿ ನೋಡಿದೆ.
ಸೋಲಾರ್ ಹಾಳಿ ದೂರದಾಗ ಕೆರಿಯಂಗ ಹೊಳೀತಿತ್ತು,
ಬಾತುಕೋಳಿ ಒಂದೆರಡು ಅದನ್ನ ನಂಬಿ ಇಳದು ಹಾರಿ ಹೋದವು.
ಚಿಗರಿ ನಲವತ್ತೊಂದು. ಅವಕ್ಕ ಕಾಲಂ ಇರಲಿಲ್ಲ.
ಹೆಣ್ಣು ಬರಲಿಲ್ಲ.
ಹೊತ್ತ ಮುಣಗಿದ ಮ್ಯಾಲ ಫೋನ ಹಚ್ಚಿದೆ,
ಭೀಮಾ ಹೊಳಿ ಆಚಿ, ಇಂಡಿ ಕಡೆ, ನಮ್ಮ ಮಾವನ ಮಗ ರೇವಣಸಿದ್ಧಗ.
‘ತೊಗರಿಯಾಗ ಏನೋ ನಿಂತಂಗಿತ್ತಪ್ಪ,
ನವಿಲಿದ್ದೀತು’ ಅಂದ.
ಅದ ಇದ್ದರೂ ಏನು, ಅದು ಅತ್ತಾಗಿನ ಸರಕಾರದ ಹಕ್ಕಿ,
ನಮ್ಮ ದೋಣಿಗೆ ಹನಿ ಬೀಳಂಗಿಲ್ಲ.

ಹಾಳಿಯ ಬುಡಕ ಒಂದು ಸಾಲು ಇರ್ತದ:
ಹೆಜ್ಜಿ, ಹಿಕ್ಕಿ, ಗರಿ, ಏನರ ಸಿಕ್ಕರ ಬರೀರಿ ಅಂತ.
ಗರಿ ಇತ್ತು ನನ್ನ ಹತ್ತರ.
ಅಪ್ಪ ರುಮಾಲಿನ್ಯಾಗ ಸಿಗಿಸಿದ್ದು,
ಅವ ಹೋದ ಮ್ಯಾಲ ಪಾಸಬುಕ್ಕಿನ್ಯಾಗ ಇಟ್ಟಿದ್ದೆ,
ಅಲ್ಲಿ ಬ್ಯಾರೆ ಏನೂ ಇರಲಿಲ್ಲಲ್ಲ.
ತಗದು ಹುಲ್ಲಿನ ಮ್ಯಾಲ ಇಟ್ಟೆ.
ಗಾಳಿಗೆ ಎರಡು ಸಲ ಹಾರಿತು.
ಮೂರನೇ ಸಲ ಸಣ್ಣ ಹಳ್ಳೊಂದು ಹೇರಿ ಫೋಟೊ ಹೊಡದೆ.
ಕೈ ನಡಗಿ ಕೆಟ್ಟ ಫೋಟೊನೂ ಮೊಬೈಲಿನ್ಯಾಗ ಅದ, ನೋಡ್ರಿ ಬೇಕಾದರ.
ಆಮ್ಯಾಲ ಬರದೆ.

ಮಾರ್ಚ ಮುಗಿಯೂದ್ರೊಳಗ ರೊಕ್ಕ ಬಿತ್ತು.
ನನ್ನ ಏಳು ತಿಂಗಳ ಬಾಕಿ ಪಗಾರ ಅದರಾಗ ಬಂತು, ಮುಚ್ಚಿಡಂಗಿಲ್ಲ.
ಮಗಳು ಕಸ್ತೂರಿಯ ಶಾಳಿ ಫೀ ತುಂಬಿದೆ, ಮೇವು ತಗೊಂಡೆ.
ಮೇ ತಿಂಗಳ ಒಂದು ರಾತ್ರಿ
ತೋಳ ಬಂತು, ಬೆನ್ನ ಹಿಂದ ನಾಕು ಮರಿ,
ಟಾರ್ಚ ಹಾಕಲಿಲ್ಲ,
ನಾಲಿಗಿ ನೀರಿಗೆ ಬಡಿಯೂ ಸಪ್ಪಳ ಅಷ್ಟ ಕೇಳಿದೆ.
ನಾ ಬರದದ್ದು ಸುಳ್ಳು ಸಾಹೇಬ್ರ.
ನೀರು ಖರೆ.

ಈಗ ಪೆನ್ನು ನಿಮ್ಮ ಕೈಯಾಗ.
ವಸೂಲಿ ಹಚ್ಚೂದಿದ್ದರ ಹಚ್ಚರಿ,
ಟ್ಯಾಂಕರಿಗೆ ಹದಿನೆಂಟು ನೂರು,
ಅದರಾಗ ತೋಳಂದೆಷ್ಟು, ಗೌಜಲದೆಷ್ಟು,
ಭಾಗಾಕಾರ ನನಗ ಬರೂದಿಲ್ಲ.
ಚಾ ಕುಡೀರಿ, ಆರತದ.
ಮತ್ತ ಆ ಗರಿ,
ಫೈಲಿಗೆ ಟಾಚಣಿ ಚುಚ್ಚಿ ಒಯ್ಯಬ್ಯಾಡ್ರಿ,
ವಾಪಸ ಕೊಡ್ರಿ.
ಮುಂದಿನ ಎಣಿಕಿ ಆಗಸ್ಟದಾಗ ಅದ.