ಮೂರು ನಿಮಿಷ ಗುಂಡು ಹಾರಿಸದಿದ್ದರೆ

ಉಪ್ಪಳದ ರೈಲ್ವೆ ಗೇಟಿನ ಹತ್ತಿರ
ನಮ್ಮ ಮಾವನ ವೀಡಿಯೊ ಗೇಮ್ ಅಂಗಡಿ.
ಗಂಟೆಗೆ ಹತ್ತು ರೂಪಾಯಿ. ಲೆಕ್ಕದ ಪುಸ್ತಕ ನನ್ನ ಕೈಯಲ್ಲಿ,
ಯಾಕೆಂದರೆ ನಾನು ಹುಡುಗಿ, ಆಡುವುದಿಲ್ಲ ಎಂದು
ನನ್ನನ್ನು ಕೇಳದೆಯೇ ತೀರ್ಮಾನವಾಗಿತ್ತು.

ಶಾರ್ಜಾದಿಂದ ಮಾವ ತಂದ ಬೂದು ಪೆಟ್ಟಿಗೆ
ಬಿಸಿಯಾದರೆ ಸೀಡಿ ಓದುತ್ತಿರಲಿಲ್ಲ.
ಕವುಚಿ ಹಾಕಿದರೆ ಓದುತ್ತಿತ್ತು,
ಮಗುಚಿದ ಆಮೆ ಉಸಿರಾಡಿದ ಹಾಗೆ.
ಸೀಡಿಯ ಮೇಲೆ ಹೆಸರಿಲ್ಲ, ತೆರೆಯ ಮೇಲೆ ಜಪಾನಿ ಅಕ್ಷರ.
ತುಳು, ಮಲಯಾಳ, ಉರ್ದು, ಬ್ಯಾರಿ, ಕೊಂಕಣಿ, ಮರಾಠಿ
ಎಲ್ಲ ಬಲ್ಲ ಪೇಟೆಗೆ ಇದೊಂದು ಬರಲಿಲ್ಲ.
ನಾವೇ ಇಟ್ಟ ಹೆಸರು: ಗುದ್ದುಗಾಡಿ.

ಹನ್ನೆರಡು ವಾಹನ, ಒಂದು ಊರು, ಕೊನೆಗೆ ಉಳಿಯುವುದು ಒಂದೇ.
ಹೆಣದ ಗಾಡಿಯ ತಲೆಗೆ ಕ್ಷಿಪಣಿ,
ಶಾಲೆ ಬಸ್ಸಿನ ಹಿಂದೆ ಬೆಂಕಿ ಉಗುಳುವ ಕೊಳವೆ,
ಮಂಜುಗಡ್ಡೆಯ ಬಿಳಿ ಲಾರಿ ಒಂದು; ನಮಗದು ಮೀನಿನ ಲಾರಿ.
ಅದನ್ನು ಬಿಡುವವನು ಹಸೈನಾರ್.
ಕ್ಲಾಸಿನಲ್ಲಿ ಹಿಂದಿನ ಬೆಂಚು, ಇಲ್ಲಿ ಎಲ್ಲರ ಮುಂದೆ.
ಗೋಡೆಗೆ ಒತ್ತಿ ಒಬ್ಬೊಬ್ಬರನ್ನೇ ಸುಡುತ್ತಿದ್ದ
ನಾಲಿಗೆಯ ತುದಿ ಹೊರಗಿಟ್ಟು,
ಬೀಡಿ ಕಟ್ಟುವವರ ಗಮನದಲ್ಲಿ.

ಆ ಲಾರಿಯ ನಂಬರ್ ಪ್ಲೇಟು ಮಸುಕು.
ತೆರೆಗೆ ಮೂಗು ತಾಗಿಸಿ ಹುಡುಗರು ಆಣೆ ಹಾಕಿದರು:
ಕೆಎಲ್ ಹದಿನಾಲ್ಕು! ನಮ್ಮ ಜಿಲ್ಲೆಯದೇ!
ಯಾರೋ ಕಾಸರಗೋಡಿನವ ಜಪಾನಿನಲ್ಲಿ ಉಂಟು ಅಂತ,
ಅವನ ಮನೆ ಬಾಯಾರು ಅಂತ, ಇಲ್ಲ ಪೈವಳಿಕೆ ಅಂತ
ಜಗಳ ಹತ್ತಿ, ಒಂದು ಕಂಟ್ರೋಲರಿನ ವಯರು ಕಿತ್ತುಹೋಯಿತು.
(ಐದು ಜನರಿಂದ ಐದೈದು ರೂಪಾಯಿ ವಸೂಲು. ಪುಸ್ತಕದಲ್ಲಿ ಉಂಟು.)

ಇಷ್ಟು ವರ್ಷದ ಮೇಲೆ ಓದಿದೆ,
ಆಟ ಮಾಡಿದವನು ಮುದುಕನಾಗಿ ಹೇಳಿಕೊಂಡದ್ದು:
ಪ್ಲೇಟಿಗೆ ನಂಬರು ಬರೆಯಲು ಮೆಮೊರಿ ಸಾಲಲಿಲ್ಲ,
ಎಂಟು ಚುಕ್ಕಿ ಮಿಕ್ಕಿತ್ತು, ಚೆಲ್ಲಿದೆವು.
ಸ್ಫೋಟದ ಸದ್ದು ಆಫೀಸಿನ ಕಬ್ಬಿಣದ ಬೀರು; ಒದ್ದದ್ದು ಅಕೌಂಟೆಂಟು.
ಹಾರನ್ನು, ಅವನ ಬೀದಿಗೆ ಬರುತ್ತಿದ್ದ ಬ್ರೆಡ್ಡಿನವನದು.
ಮತ್ತೆ ಇದು:
ಇಬ್ಬರೇ ಆಡುವಾಗ, ಇಬ್ಬರೂ ಮೂರು ನಿಮಿಷ
ಒಂದೂ ಗುಂಡು ಹಾರಿಸದಿದ್ದರೆ
ಒಂದು ನಾಯಿ ರಸ್ತೆ ದಾಟುತ್ತದೆ.

ಅಷ್ಟೆ. ಅಂಕ ಇಲ್ಲ, ಬಹುಮಾನ ಇಲ್ಲ.
ಗಂಟೆಗೆ ಹತ್ತು ರೂಪಾಯಿ ಕೊಟ್ಟು
ಉಪ್ಪಳದಲ್ಲಿ ಯಾರು ಮಾರಾಯ ಮೂರು ನಿಮಿಷ ಸುಮ್ಮನಿರುವುದು?
ಲೆಕ್ಕ ಹಾಕಿದೆ, ಅಭ್ಯಾಸ ನೋಡಿ:
ಐವತ್ತು ಪೈಸೆಯ ನಾಯಿ.

ಹಸೈನಾರ್ ಈಗ ಮಂಜೇಶ್ವರ ಬಂದರಿನಿಂದ
ಮೀನಿನ ಟೆಂಪೊ ಬಿಡುತ್ತಾನೆ. ನಿಜದ್ದು. ಐಸುನೀರು ತೊಟ್ಟಿಕ್ಕುತ್ತದೆ.
ತಲಪಾಡಿ ದಾಟಿ ಮಂಗಳೂರು, ವಾಪಸು.
ಹದಿನೆಂಟು ವರ್ಷ, ಒಂದು ಗೀರಿಲ್ಲ.
ಹಿಂದಿನ ಬಸ್ಸು ಕಿರುಚಿದರೆ ಬದಿಗೆ ಸರಿದು
"ಹೋಗಲಿ, ಅವನಿಗೆ ಅರ್ಜೆಂಟು ಉಂಟು" ಅನ್ನುತ್ತಾನಂತೆ.

ಹೈವೇ ಅಗಲವಾದಾಗ ಮಾವನ ಅಂಗಡಿ ಹೋಯಿತು.
ಪೆಟ್ಟಿಗೆ ನನ್ನ ಝೆರಾಕ್ಸ್ ಅಂಗಡಿಯ ಅಟ್ಟದಲ್ಲಿತ್ತು.
ನಿನ್ನೆ ಭಾನುವಾರ ಇಳಿಸಿದೆ, ಕವುಚಿ ಹಾಕಿದೆ. ಓದಿತು!
ಅವನಿಗೆ ಮೀನಿನ ಲಾರಿ. ನನಗೆ, ಮೊದಲ ಸಲ, ಹೆಣದ ಗಾಡಿ.
ಎದುರುಬದುರು ನಿಲ್ಲಿಸಿದೆವು.

ಒಂದು ನಿಮಿಷ. ಗುಂಡಿಯ ಮೇಲೆ ಅವನ ಹೆಬ್ಬೆರಳು ನಡುಗಿತು.
"ಇದು ಕಷ್ಟ ಉಂಟಲ್ಲ" ಎಂದ.
ಎರಡು. ಹೊರಗೆ ಲೋಕಲ್ ರೈಲು ಹೋಯಿತು.
ಯಾರೋ ಆಧಾರ್ ಕಾರ್ಡು ಹಿಡಿದು ಬಾಗಿಲು ಬಡಿದರು,
ನಾವು ಉಸಿರೆತ್ತಲಿಲ್ಲ.
ಮೂರು.

ಬಂತು. ಎಡಗಡೆಯ ಕಟ್ಟಡದ ಹಿಂದಿನಿಂದ
ಚೌಕ ಚುಕ್ಕಿಗಳ ಕಂದು ನಾಯಿ,
ಕಾಲು ಮೂರೇ ಕಾಣುವುದು,
ಅಲ್ಲಿಯೂ ಮೆಮೊರಿ ಸಾಲಲಿಲ್ಲವೋ ಏನೋ.
ನಡುರಸ್ತೆಯಲ್ಲಿ ನಿಂತು ನಮ್ಮ ಕಡೆ ನೋಡಿತು.

ಆಗಲೇ ನಿಂತಿದ್ದ ಲಾರಿಗೆ
ಹಸೈನಾರನ ಬಲಗಾಲು
ಸಿಮೆಂಟು ನೆಲವನ್ನು
ಒತ್ತಿ ಹಿಡಿದಿತ್ತು.