ಇಳಿದುಕೊಳ್ಳುವ ಜಾಗ

(ಮೊಜಾಂಬಿಕ್ ದ್ವೀಪ, ಸೇತುವೆ ಮುಗಿಯುವಲ್ಲಿ)

ಕೊಡಿ ದೋನ ಎರ್ಮೆಲಿಂದ, ಆ ಚೀಲ ಇತ್ತ ಕೊಡಿ.
ಎರಡು ಮೈಲಿ ಸೇತುವೆ, ಒಂದೇ ಗಾಡಿಯ ಅಗಲ,
ಎದುರು ಲಾರಿ ಬಂದಾಗೆಲ್ಲ ನಿಂತು ನಿಂತು ಬಂದಿದ್ದೀರಿ;
ಮಂಡಿ ಹಿಡಿದುಕೊಂಡಿರಬೇಕು.
ನಾನು ಅತುಮಾನೆ. ಈ ಕೈಗಾಡಿ ನನ್ನದು.
ಎಡಗಾಲಿ ಮಾತ್ರ ಭಾವನದು,
ಅದಕ್ಕೇ ಅದು ನನ್ನ ಮಾತು ಕೇಳುವುದಿಲ್ಲ.

ಎಲ್ಲಿ ಇಳಿದುಕೊಳ್ಳಲಿ ಅಂತ ಕೇಳಿದಿರಿ.
ಕೇಳಿದ್ದು ತಪ್ಪಲ್ಲ. ನನ್ನನ್ನು ಕೇಳಿದಿರಲ್ಲ, ಅದು ತಪ್ಪು.

ಉತ್ತರಕ್ಕೆ ಕಲ್ಲೂರು. ಅದರ ಈಚೆ ಕೊನೆಗೆ ಹಳದಿ ಮನೆ,
ನೀಲಿ ಬಾಗಿಲು, ಬಡಿಯಲಿಕ್ಕೆ ಹಿತ್ತಾಳೆಯದೊಂದು ಕೈ;
ಬಡಿದರೆ ಒಳಗೆ ಬಾವಿಗೆ ಕೊಡ ಬಿದ್ದ ಸದ್ದು.
ಒಂದೂವರೆ ಆಳೆತ್ತರದ ಕಿಟಕಿ,
ನಾಲ್ಕು ಕಂಬದ ಮಂಚ, ಹತ್ತಲು ಸ್ಟೂಲು.
ಬೆಳಗ್ಗೆ ಪಪ್ಪಾಯಿ, ಕಾಫಿ, ಲಿಸ್ಬನ್ನಿನ ತಟ್ಟೆ.
ಗೋಡೆ ನನ್ನ ಚಾಚಿದ ಕೈಯಷ್ಟು ದಪ್ಪ:
ಪಕ್ಕದ ಕೋಣೆಯಲ್ಲಿ ಯಾರೋ ಅತ್ತರೂ
ನಿಮಗೆ ನಿದ್ದೆ ಬರುತ್ತದೆ.
ಮುಚ್ಚಿಡುವುದೇಕೆ, ಅಲ್ಲಿಗೆ ಮುಟ್ಟಿಸಿದರೆ
ಯಜಮಾನರು ನನ್ನ ಕೈಗೆ ನೂರು ಮೆಟಿಕಲ್ ಇಡುತ್ತಾರೆ.

ದಕ್ಷಿಣಕ್ಕೆ, ಇಗೋ ಇಲ್ಲೇ, ಗರಿಯೂರು.
ನಮ್ಮಲ್ಲಿ ಇಳಿದುಕೊಳ್ಳುವುದೆಂದರೆ ನಿಜವಾಗಿ ಇಳಿಯುವುದೇ:
ರಸ್ತೆಯಿಂದ ಹನ್ನೊಂದು ಮೆಟ್ಟಿಲು ಕೆಳಕ್ಕೆ.
ಬೀದಿಯಲ್ಲಿ ನಿಂತವರಿಗೆ ತೆಂಗಿನ ಗರಿಯ ಸೂರು ಕಾಣುತ್ತದೆ, ನಾವಲ್ಲ;
ಆಡೊಂದು ಹೆಜ್ಜೆ ತಪ್ಪಿದರೆ ನಮ್ಮ ಅಡುಗೆಗೇ ಬೀಳುತ್ತದೆ.
ಚಿಕ್ಕಮ್ಮ ಝಾಕಿಯಾಳ ಮನೆಯಲ್ಲೊಂದು ಕೋಣೆ,
ಹುರಿಮಂಚ, ಸೊಳ್ಳೆಪರದೆಗೆ ಮೂರು ತೇಪೆ.
ಮುಖಕ್ಕೆ ಬಿಳಿ ಮುಸಿರೋ ಬಳಿದುಕೊಂಡಿರುತ್ತಾಳೆ,
ಒಣಗುವವರೆಗೆ ನಗುವುದಿಲ್ಲ, ಸಿಟ್ಟೆಂದು ತಿಳಿಯಬೇಡಿ.
ಮಸೀದಿಯ ಮೈಕು ದಿಂಬಿನ ಪಕ್ಕಕ್ಕೇ.
ಎಡಮನೆಯ ಮುದುಕ ಕೆಮ್ಮಿದರೆ
ಬಲಮನೆಯವರು ನೀರು ತರುತ್ತಾರೆ.
ಇಲ್ಲಿ ನನಗೆ ಸಿಗುವುದು ಒಂದು ತಟ್ಟೆ ಮೀನು,
ಅದೂ ನಿನ್ನೆಯದು.

ಗುಂಡಿ ಹೇಗಾಯಿತು ಅಂತ ಎಲ್ಲರೂ ಕೇಳುತ್ತಾರೆ.
ಇಲ್ಲಿಂದ ಹವಳಗಲ್ಲು ಕೊಯ್ದು ಕೊಯ್ದು
ಅಲ್ಲಿ ಗೋಡೆ ಎಬ್ಬಿಸಿದರು.
ಕೊಯ್ದವರು ಕೊಯ್ದಲ್ಲೇ ಉಳಿದರು.
ಹಳದಿ ಮನೆಯ ಗೋಡೆಗೆ ಕಿವಿಯಿಟ್ಟರೆ
ಹಳೆಯ ಕಡಲು ಕೇಳುತ್ತದಂತೆ, ಬಂದವರು ಹೇಳುತ್ತಾರೆ.
ನಾನೂ ಇಟ್ಟು ನೋಡಿದ್ದೇನೆ.
ಇಲಿ.

ನಾನೆಲ್ಲಿ ಮಲಗುತ್ತೇನೆ ಅಂದಿರಾ?
ಇಪ್ಪತ್ತು ವರ್ಷದಲ್ಲಿ ಹಾಗೆ ಕೇಳಿದವರಲ್ಲಿ ನೀವು ಎರಡನೆಯವರು.
ಮೊದಲನೆಯವನು ಪೊಲೀಸ್.
ಅದೇ ಹಳದಿ ಮನೆಯ ತಾರಸಿ ಮೇಲೆ, ರಾತ್ರಿ ಕಾವಲು.
ತಾರಸಿ ಕೊಂಚ ವಾಲಿದೆ, ಬೇಕೆಂದೇ:
ಬಿದ್ದ ಹನಿಯೆಲ್ಲ ಮೂಲೆಯ ತೂತಿಗೆ ಹರಿದು
ನೆಲದಡಿಯ ತೊಟ್ಟಿ ಸೇರಬೇಕು.
ಮೊದಲ ಗುಡುಗಿಗೇ ನಾನು ಚಾಪೆ ಸುತ್ತಬೇಕು,
ಎಲೆ, ಹಕ್ಕಿಯ ಹಿಕ್ಕೆ ಗುಡಿಸಿ
ನೀರಿಗೆ ದಾರಿ ಬಿಟ್ಟು ಒತ್ತಿ ನಿಲ್ಲಬೇಕು.
ಅಲ್ಲಿಂದ ನನ್ನ ಮನೆ ಕಾಣುತ್ತದೆ. ಅಂದರೆ, ಸೂರು.
ಜನವರಿಯ ಮಳೆ. ಕಾಲಡಿ ತೊಟ್ಟಿ ತುಂಬುವ ಗುಳುಗುಳು;
ಅಲ್ಲಿ ಲಾಟೀನೊಂದು ಒಳಗಿಂದ ಹೊರಗೆ, ಹೊರಗಿಂದ ಒಳಗೆ.
ನನ್ನ ಹೆಂಡತಿ ಮುವನೇಮಾ ಅಕ್ಕಿಚೀಲ ಮಂಚಕ್ಕೇರಿಸಿ
ಹನ್ನೊಂದು ಮೆಟ್ಟಿಲು ಇಳಿದು ಬಂದ ನೀರನ್ನು
ಬೋಗುಣಿಯಲ್ಲಿ ಮೊಗೆದು ಮೊಗೆದು ಮೇಲಕ್ಕೆ ಚೆಲ್ಲುತ್ತಿರುತ್ತಾಳೆ.
ಅದೂ ಅದೇ ಮಳೆ.

ಬಿಡಿ, ಇದು ಜೂನ್.
ಕೋಣೆ ಎರಡು ಕಡೆಯೂ ಖಾಲಿ ಇದೆ.
ಮಂಡಿಯ ಮಾತಾದರೆ ಮೆಟ್ಟಿಲೂ ಎರಡು ಕಡೆ ಇದೆ;
ಅಲ್ಲಿ ಈಗ ಹತ್ತಬೇಕು, ಇಲ್ಲಿ ನಾಳೆ.

ಅರೆ, ಮೆಟ್ಟಿಲ ಮೇಲೇ ಕೂತುಬಿಟ್ಟಿರಲ್ಲ,
ಚಪ್ಪಲಿಯೊಳಗೆ ಹರಳೇ?
ಹವಳದ ಚೂರು ಅದು. ಚಿಕ್ಕದಾದರೂ ಹಲ್ಲಿದೆ.
ರಸ್ತೆಗೆ ಎಸೆಯಬೇಡಿ ದೋನ, ಕೆಳಗೆ ಹಾಕಿ, ಗುಂಡಿಗೆ.
ಬರಬೇಕಾದದ್ದು ಬಹಳ ಇದೆ.
ಅಷ್ಟಾದರೂ ವಾಪಸು ಬರಲಿ.