ಹೆಸರಿನ ಖಾನೆ

ಥಾಬಾ-ತ್ಸೇಕಾದಿಂದ ಹೊರಟು, ಸೆಂಕು ಹೊಳೆ ದಾಟಿ,
ಕುದುರೆ ಏದುಸಿರು ಬಿಡುವ ಏರು ಹತ್ತಿ
ನಾನು ತಂದದ್ದು ಎಂಟು ಪುಟದ ಹಾಳೆ:
ಬಾಣಂತಿಯ ಬದುಕಿನ ಗುಣಮಟ್ಟ.
ಒಂದರಿಂದ ಐದರೊಳಗೆ ಗುರುತು ಹಾಕಬೇಕು.
ಪೆನ್ಸಿಲ್ಲೇ ಆಗಬೇಕು; ಈ ಚಳಿಗೆ ಪೆನ್ನು ಬರೆಯುವುದಿಲ್ಲ.

ಬಾಗಿಲ ಮೇಲೆ ಸಿಕ್ಕಿಸಿದ ಜೊಂಡು ಒಣಗಿ ಬಾಗಿತ್ತು.
ಒಳಗೆ ಕೂಸಿದೆ, ಹೊರಗಿನವರು ನಿಲ್ಲಿ, ಎನ್ನುವ ಜೊಂಡು.
ನಿಂತೆ.
ಅತ್ತೆ ಬಂದು ನನ್ನ ಬೂಟು ನೋಡಿ, ಚೀಲ ನೋಡಿ,
ಕೊನೆಗೆ ಮುಖ ನೋಡಿ, ‘ಆಸ್ಪತ್ರೆಯವಳೇನು? ಬಾ’ ಅಂದಳು.

ದುಂಡು ಮನೆ. ಸಗಣಿ ಸಾರಿಸಿದ ನೆಲ.
ಗೋಡೆಗೆ ಒರಗಿ, ಕಂಬಳಿಗೆ ಎದೆಯ ಬಳಿ ಪಿನ್ನು ಚುಚ್ಚಿಕೊಂಡು
ಅವಳು. ಕಂಬಳಿಯೊಳಗೆಲ್ಲೋ ಚೀಪುವ ಸದ್ದು.

‘ಹೆಸರು?’
‘ಮಾ-ಟ್ಸೆಲಿಸೊ,’ ಅತ್ತೆಯೇ ಹೇಳಿದಳು.
ಟ್ಸೆಲಿಸೊನ ತಾಯಿ. ಸಾಂತ್ವನದ ತಾಯಿ.
‘ಹಾಗಾದರೆ ಮಗು ಟ್ಸೆಲಿಸೊ?’
‘ಅಲ್ಲ, ಇದು ಹೆಣ್ಣು. ಅವನು ಇನ್ನೂ ಬರಬೇಕು.’
ಮನೆ ತುಂಬಿದ ದಿನವೇ ಕುರಿ ಕುಯ್ದು,
ಹೊಸ ಕಂಬಳಿ ಹೊದಿಸಿ ಇಟ್ಟ ಹೆಸರು.
ನಾಲ್ಕು ವರ್ಷದಿಂದ ಅವಳು ಹುಟ್ಟದವನ ತಾಯಿ.
ನಮ್ಮಲ್ಲಿ ಹೀಗೇ. ನನ್ನನ್ನೂ ಹೀಗೇ ಕರೆಯುತ್ತಾರೆ,
ಆಸ್ಪತ್ರೆಯ ಬಿಲ್ಲೆಯೊಂದನ್ನು ಬಿಟ್ಟು.

‘ಕಳೆದ ವಾರ ನಿದ್ದೆ ಹೇಗಿತ್ತು?’
‘ಯಾರದು, ಕೂಸಿನದೆ?’
‘ನಿಮ್ಮದು.’
ಅಂಥದ್ದೊಂದು ಇದೆಯೆಂದು ಈಗಷ್ಟೇ ತಿಳಿದವಳಂತೆ
ಹಾಳೆಯನ್ನೇ ನೋಡಿದಳು.

‘ಬಸುರಿಯಾಗಿದ್ದಾಗ?’
‘ಏಳರಲ್ಲಿ ನೀರು ಹೊತ್ತೆ. ಎಂಟರಲ್ಲಿ ಜೋಳ ಮುರಿದೆ.
ಒಂಬತ್ತು ಬಿದ್ದ ಮೇಲೆ ಆಸ್ಪತ್ರೆ ಪಕ್ಕದ ಕಾಯುವ ಮನೆಗೆ ನಡೆದೆ.
ಹದಿನೆಂಟು ದಿನ, ಹನ್ನೊಂದು ಬಸುರಿಯರು.
ಜಾಗ ಸಾಲದೆ ಹೊಟ್ಟೆಗೆ ಹೊಟ್ಟೆ ತಾಗಿಸಿ ಮಲಗುತ್ತಿದ್ದೆವು.
ಒಬ್ಬಳ ಕೂಸು ಒದ್ದರೆ ಇನ್ನೊಬ್ಬಳಿಗೆ ಎಚ್ಚರ.
ನಗು ಅಂದರೆ ನಗು! ಉಚ್ಚೆ ಹೋಗುವಷ್ಟು.
ಅದನ್ನು ಬರೆ.’
ಅದಕ್ಕೆ ಖಾನೆ ಇರಲಿಲ್ಲ.

‘ಸುಮ್ಮಸುಮ್ಮನೆ ಅಳು ಬರುತ್ತದೆಯೆ?’
ಅತ್ತೆ ಗಂಜಿ ತಿರುವುವುದನ್ನು ನಿಲ್ಲಿಸಿದಳು.
‘ಇಲ್ಲ’ ಎಂದಳು ಅವಳು, ತಕ್ಷಣ.
ನನ್ನ ಕುದುರೆಗೆ ನೀರು ತೋರಿಸುತ್ತೀರಾ ಅಮ್ಮ, ಎಂದೆ.
ಮುದುಕಿಗೆ ಅರ್ಥವಾಯಿತು. ಹೊಸ್ತಿಲಲ್ಲಿ ತಿರುಗಿ ಹೇಳಿದಳು:
‘ಆರು ಹೆತ್ತೆ. ಮೂರು ಮಣ್ಣಿಗೆ ಕೊಟ್ಟೆ.
ಯಾರೂ ಹಾಳೆ ಹಿಡಿದು ಬರಲಿಲ್ಲ.’
ಕೋಪವಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಆಮೇಲೆ ಇವಳು ಮೆಲ್ಲಗೆ:
‘ಒಲೆ ಹೊಗೆಯಾದಾಗ ಅಳುತ್ತೇನೆ.
ಒಲೆ ಆರಿರುವಾಗಲೂ ಒಮ್ಮೊಮ್ಮೆ, ಹೊಗೆ, ಅನ್ನುತ್ತೇನೆ.
ರುಸ್ಟೆನ್‌ಬರ್ಗಿನ ಗಣಿಯಿಂದ ಅವನು ಫೋನು ಮಾಡುತ್ತಾನೆ.
ದುಡ್ಡು ತಪ್ಪಿಸಿಲ್ಲ. ಕೆಟ್ಟವನಲ್ಲ.
ಟ್ಸೆಲಿಸೊನ ತಾಯಿ, ಹೇಗಿದ್ದೀಯ, ಅಂತಾನೆ.
ಅವನೂ.’

ಪಿನ್ನು ಬಿಚ್ಚಿ ಕೂಸನ್ನು ಮತ್ತೊಂದು ಬದಿಗೆ ಹಾಕಿಕೊಂಡಳು.
‘ನನ್ನ ಹೆಸರು ತ್ಲಾಲೆಂಗ್.’
ತ್ಲಾಲೆಂಗ್: ಹಸಿವಿನ ಕಾಲದಲ್ಲಿ.
‘ನಾನು ಹುಟ್ಟಿದ ವರ್ಷ ಹಗೇವು ಬರಿದಾಗಿತ್ತಂತೆ.
ಒಳ್ಳೆ ಹೆಸರಲ್ಲ, ಗೊತ್ತು. ಇವರು ಕೊಟ್ಟದ್ದೇ ಚಂದ.
ಆದರೆ ಅದನ್ನು ಕೂಗಿದರೆ ನಾನು ತಿರುಗಿ ನೋಡುತ್ತಿದ್ದೆ.’

ಪೆನ್ಸಿಲ್ಲಿನ ಹಿಂದಿನ ರಬ್ಬರು ಸವೆದು ತಗಡಾಗಿತ್ತು.
ಬೆರಳಿಗೆ ಉಗುಳು ಹಚ್ಚಿ ಉಜ್ಜಿದೆ; ಹಾಳೆ ಸ್ವಲ್ಪ ಹರಿಯಿತು.
ಹರಿದದ್ದರ ಪಕ್ಕ ಬರೆದೆ.

ಹದಿನೆಂಟು, ಹತ್ತೊಂಬತ್ತು. ಸೊಂಟ, ರಕ್ತ, ಹಸಿವೆ.
ಇಪ್ಪತ್ಮೂರನೆಯದು: ನಿಮಗೆ ಸಹಾಯಕ್ಕೆ ಯಾರಿದ್ದಾರೆ?
ಉತ್ತರವಿಲ್ಲ.
‘ತ್ಲಾಲೆಂಗ್?’ ಎಂದೆ.
ತಿರುಗಿ ನೋಡಲಿಲ್ಲ.
ತಲೆ ಗೋಡೆಗೆ ಆನಿಸಿ, ಬಾಯಿ ಅರೆ ತೆರೆದು
ನಿದ್ದೆ ಹೋಗಿದ್ದಳು.

ಕೂಸು ಜಾರದಂತೆ ಎತ್ತಿಕೊಂಡೆ.
ಒಳಬಂದ ಮುದುಕಿ ನೋಡಿದಳು, ಬೆರಳು ತುಟಿಗಿಟ್ಟು
ಗಂಜಿಯನ್ನು ಬೂದಿಯ ಮೇಲೆ ಬೆಚ್ಚಗಿರಿಸಿದಳು.

ಹೊರಗೆ ಕುದುರೆ ಕಾಲು ಬದಲಿಸುತ್ತಿತ್ತು.
ಕತ್ತಲಾಗುವುದರೊಳಗೆ ಹೊಳೆ ದಾಟಬೇಕು.
ಇನ್ನೂ ಹದಿನೇಳು ಪ್ರಶ್ನೆ ಇದ್ದವು.
ನಾನು ಏಳಲಿಲ್ಲ.